ಚೀಟಿ ತೆಗೆದುಕೊಳ್ಳುವ ಡಾಕ್ಟರು

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಹುಣಸೂರಿನ ಒಂದು ಹೊಗೆಸೊಪ್ಪಿನ ಗೋಡೌನಿನಲ್ಲಿ ರೈಟರಾಗಿದ್ದೆ. ರೈಟರ್ ಎಂದರೆ ದೊಡ್ಡ ಹುದ್ದೆಯೇನಲ್ಲ. ಬೆಳಿಗ್ಗೆ ಹಾಜರಿ ಕೂಗುವುದು, ಸೊಪ್ಪು ಕಟ್ಟಿದ ಬೇಲುಗಳ ಮೇಲೆ ನಂಬರು ಬರೆಯುವುದು, ಸಾಹುಕಾರರು ಕೆಮ್ಮಿದರೆ ಎದ್ದು ನಿಲ್ಲುವುದು, ಇಷ್ಟೇ. ನನ್ನ ಊರು ಕೆ.ಆರ್. ನಗರ ತಾಲ್ಲೂಕಿನ ಭೇರ್ಯದ ಕಡೆ. ಹುಣಸೂರಿನಲ್ಲಿ ಒಂದು ಬಾಡಿಗೆ ಕೋಣೆ, ಒಂದು ಸೀಮೆಎಣ್ಣೆ ಸ್ಟೌ, ಎರಡು ಟೆರಿಲಿನ್ ಶರ್ಟು ಇಟ್ಟುಕೊಂಡು ಸುಖವಾಗಿದ್ದೆ. ಆರೋಗ್ಯಕ್ಕೆ ಏನೂ ಕೊರತೆಯಿರಲಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಆ ವರ್ಷ ನನ್ನ ಆರೋಗ್ಯದ ವಿಷಯದಲ್ಲಿ ಸುತ್ತಲ ತಾಲ್ಲೂಕುಗಳಲ್ಲೆಲ್ಲ ಅನುಮಾನ ಎದ್ದಿತು.

ಬೇಯಿಸಿದ ಸೊಪ್ಪು ಬ್ಯಾರನ್ ಎಂಬ ಒಲೆಮನೆಗಳಿಂದ ಗಾಡಿಗಟ್ಟಲೆ ಬಂದು ಬೀಳುವ ಕಾಲ ಅದು. ಗೋಡೌನಿನ ಉದ್ದಕ್ಕೂ ಹೆಂಗಸರು ಸಾಲಾಗಿ ಕೂತು ಎಲೆಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದರು. ಹುಣಸೂರಿನವರಷ್ಟೇ ಅಲ್ಲ, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕಿನವರೂ ಇದ್ದರು. ದೂರದವರು ಸೀಜನ್ನು ಮುಗಿಯುವವರೆಗೆ ಶೆಡ್ಡುಗಳಲ್ಲಿ ಉಳಿದುಕೊಂಡು, ಆಗಾಗ ಊರಿಗೆ ಹೋಗಿ ಮಕ್ಕಳ ಮುಖ ನೋಡಿ ಬರುತ್ತಿದ್ದರು. ಒಂದು ಮಧ್ಯಾಹ್ನ ಲೇಬರ್ ಇನ್ಸ್‌ಪೆಕ್ಟರು ಬಂದರು. ಕಾಫಿ ಕುಡಿದರು, ರಿಜಿಸ್ಟರ್ ತಿರುವಿ ಹಾಕಿದರು, ಎರಡು ಸಲ ಸೀನಿದರು. ಹೊರಡುವಾಗ, "ಇಷ್ಟು ಜನ ಹೆಂಗಸರು ಈ ಧೂಳಲ್ಲಿ ಕೂತಿರ್ತಾರೆ. ಕಾಯಿಲೆ ಕಸಾಲೆ ಬಂದರೆ ಏನು ವ್ಯವಸ್ಥೆ?" ಎಂದು ಕೇಳಿದರು.

ಸಾಹುಕಾರರು ಕಣ್ಣು ಕೂಡ ಮಿಟುಕಿಸಲಿಲ್ಲ. "ಎಲ್ಲಾ ಮಾಡಿದ್ದೀವಿ ಸಾರ್. ನಮ್ಮ ಗೋಡೌನಿನ ಚೀಟಿ ತಗೊಂಡು ಹೋದರೆ ಸಾಕು, ಡಾಕ್ಟರು ನೋಡ್ತಾರೆ. ತಾಲ್ಲೂಕಿಗೆ ಒಬ್ಬೊಬ್ಬರು ಇದ್ದಾರೆ" ಎಂದರು.

ಇನ್ಸ್‌ಪೆಕ್ಟರು ಮೆಚ್ಚಿಕೊಂಡರು. ಮುಂದಿನ ಸಲ ಬಂದಾಗ ಆ ಡಾಕ್ಟರುಗಳ ಹೆಸರು ಬರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಜೀಪು ಹತ್ತಿದರು. ಜೀಪಿನ ಧೂಳು ಅಡಗುವ ಮುಂಚೆಯೇ ಸಾಹುಕಾರರು ನನ್ನನ್ನು ಕರೆದರು.

"ಏನಯ್ಯ, ನಾನು ಹೇಳಿದ್ದು ಕೇಳಿಸ್ಕೊಂಡ್ಯಾ?"

"ಕೇಳಿಸ್ಕೊಂಡೆ."

"ಹಂಗಾದ್ರೆ ಅಂಥ ಡಾಕ್ಟ್ರುಗಳ್ನ ಹುಡುಕ್ಕೊಂಡು ಬಾ."

ಹುಣಸೂರಿನ ಮಟ್ಟಿಗೆ ತೊಂದರೆಯಿರಲಿಲ್ಲ. ಸಾಹುಕಾರರ ಮನೆಗೆ ಬರುತ್ತಿದ್ದ ಡಾಕ್ಟರು ಅಂದೇ ಸಂಜೆ ಒಪ್ಪಿಕೊಂಡರು. ಗೋಡೌನಿನ ಮೊಹರು ಇರುವ ಚೀಟಿಯನ್ನು ರೋಗಿ ತೋರಿಸುವುದು, ಡಾಕ್ಟರು ಅವರ ಹತ್ತಿರ ಏನೂ ಕೇಳದೆ ಔಷಧಿ ಕೊಡುವುದು, ತಿಂಗಳ ಕೊನೆಗೆ ಚೀಟಿಗಳನ್ನೆಲ್ಲ ನಮಗೆ ಕಳಿಸಿದರೆ ಸಾಹುಕಾರರು ಲೆಕ್ಕ ತೀರಿಸುವುದು, ಇದು ಏರ್ಪಾಡು. ಮಿಕ್ಕ ಮೂರು ಊರುಗಳಲ್ಲಿ ಯಾರು ಚೀಟಿ ತೆಗೆದುಕೊಳ್ಳುತ್ತಾರೆ, ಯಾರು ಇಲ್ಲ ಎಂದು ನಾನು ಹೋಗಿ ತಿಳಿದುಕೊಂಡು ಬರಬೇಕಿತ್ತು.

ಸುದ್ದಿ ಮರುದಿನ ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತಿಗೆ ಹೆಂಗಸರ ಸಾಲಿಗೆಲ್ಲ ಹಬ್ಬಿತು. ಆ ಸಾಲಿಗೆ ಯಜಮಾನಿಯಂತೆ ಇದ್ದವಳು ಎಚ್.ಡಿ. ಕೋಟೆ ತಾಲ್ಲೂಕಿನ ಸರಗೂರಿನ ಹತ್ತಿರದ ಹಳ್ಳಿಯವಳು. ಗಂಡ ತೀರಿಹೋಗಿ, ಮಗಳನ್ನು ಮದುವೆ ಮಾಡಿಕೊಟ್ಟು, ಹತ್ತಾರು ಸೀಜನ್ನು ಈ ಕೆಲಸದಲ್ಲಿ ಕಳೆದವಳು. ಗೋಡೌನಿಗೆಲ್ಲ ದೊಡ್ಡಕ್ಕ. ಕೈ ಎಲೆಯ ಅಂಟಿನಿಂದ ಕಪ್ಪಾಗಿತ್ತು, ಬಾಯಿ ಎಲೆಯಡಿಕೆಯಿಂದ ಕೆಂಪಾಗಿತ್ತು. ಅವಳು ಕೈ ಒರೆಸಿಕೊಳ್ಳುತ್ತ ನನ್ನ ಮೇಜಿನ ಮುಂದೆ ಬಂದು ನಿಂತಳು.

"ನೀವೊಬ್ರೇ ಓದ್ರೆ ಆಗಕಿಲ್ಲ ರೈಟ್ರೇ," ಅಂದಳು. "ಡಾಕ್ಟ್ರು ಚೀಟಿ ಈಸ್ಕತಾರೋ ಇಲ್ವೋ ನೀವ್ ನೋಡಿ. ನಮ್ಮಂತೋರ್ನ ಒಳೀಕ್ ಬುಟ್ಕತಾರೋ ಇಲ್ವೋ ನಾನ್ ನೋಡ್ತೀನಿ."

ಸಾಹುಕಾರರಿಗೆ ಇದು ಇಷ್ಟವಾಗಲಿಲ್ಲ. ಆದರೆ ಅವರು ಬಾಯಿ ತೆರೆಯುವ ಹೊತ್ತಿಗೆ ಸಾಲಿನ ಹೆಂಗಸರೆಲ್ಲ ಕೈಯಲ್ಲಿದ್ದ ಎಲೆ ಕೆಳಗಿಟ್ಟು ಇತ್ತಲೇ ನೋಡುತ್ತಿದ್ದರು. "ಹೋಗ್ಲಿ, ಕರ್ಕೊಂಡು ಹೋಗು" ಎಂದು ಒಳಗೆ ಹೋದರು.

ಹೀಗೆ ನಾನೂ ದೊಡ್ಡಕ್ಕನೂ ಒಂದು ಬೆಳಿಗ್ಗೆ ಪಿರಿಯಾಪಟ್ಟಣದ ಬಸ್ಸು ಹತ್ತಿದೆವು. ನಾನು ದಾರಿಯುದ್ದಕ್ಕೂ ಡಾಕ್ಟರ ಮುಂದೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದೆ. ದೊಡ್ಡಕ್ಕ ಕಿಟಕಿಯ ಹತ್ತಿರ ಕೂತು, ಯಾರ ಹೊಲದಲ್ಲಿ ಸೊಪ್ಪು ಚೆನ್ನಾಗಿದೆ, ಯಾರದು ಸೊರಗಿದೆ ಎಂದು ಹೇಳುತ್ತ ಬಂದಳು. ಬಸ್‌ಸ್ಟ್ಯಾಂಡಿನ ಎದುರಿಗೇ ಹೆಸರುವಾಸಿಯಾದ ಡಾಕ್ಟರೊಬ್ಬರ ಶಾಪಿತ್ತು. ಆಗ ಕ್ಲಿನಿಕ್ಕನ್ನು ಎಲ್ಲರೂ ಶಾಪು ಎಂದೇ ಕರೆಯುತ್ತಿದ್ದರು. ಬೆಂಚಿನ ತುಂಬ ಜನ. ಡಾಕ್ಟರನ್ನು ಕೆಲಸದ ಮೇಲೆ ಕಾಣಬೇಕೆಂದು ಕಾಂಪೌಂಡರಿಗೆ ಹೇಳಿದೆ. "ಇಲ್ಲಿ ಎಲ್ರಿಗೂ ಕೆಲ್ಸವೇ. ಕೂತ್ಕಳಿ" ಅಂದ.

ಕೂತೆವು. ನನ್ನ ಪಾಳಿ ಬಂದಾಗ ಒಳಗೆ ಹೋಗಿ ನಿಂತು, "ಸಾರ್, ನಾನು ಹುಣಸೂರಿನ..." ಎಂದು ಶುರುಮಾಡಿದೆ. ಡಾಕ್ಟರು ತಲೆಯೆತ್ತಲಿಲ್ಲ. ತೆರೆದ ಬಾಯಿಗೆ ಥರ್ಮಾಮೀಟರು ಇಟ್ಟುಬಿಟ್ಟರು. ಅದನ್ನು ಕಚ್ಚಿಕೊಂಡು ಮಾತಾಡುವುದು ಹೇಗೆ? ಸುಮ್ಮನೆ ನಿಂತೆ. ನಾಡಿ ಹಿಡಿದರು. ಅಂಗಿ ಎತ್ತಿಸಿ ಸ್ಟೆಥಾಸ್ಕೋಪು ಇಟ್ಟರು. ಹೊಟ್ಟೆ ಒತ್ತಿದರು. ನೋವಾಗುತ್ತಾ ಎಂದು ಹುಬ್ಬಿನಲ್ಲೇ ಕೇಳಿದರು, ನಾನು ಇಲ್ಲವೆಂದು ತಲೆಯಾಡಿಸಿದೆ. ಕೊನೆಗೆ ಥರ್ಮಾಮೀಟರು ತೆಗೆದು ನೋಡಿ, "ಪಿತ್ತ. ಕಾಫಿ ಕಡಿಮೆ ಮಾಡಿ" ಎಂದು ಬರೆಯತೊಡಗಿದರು.

ಆಗ ಸಿಕ್ಕ ಸಂದಿನಲ್ಲಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಡಾಕ್ಟರು ಪೆನ್ನು ನಿಲ್ಲಿಸಿ ಮೊದಲ ಸಲ ನನ್ನ ಮುಖ ನೋಡಿದರು.

"ನೋಡಿ, ನಾನು ಚೀಟಿ ಬರೆಯೋನು. ಚೀಟಿ ತಗೊಳ್ಳೋನಲ್ಲ," ಎಂದರು. ಬರೆದ ಚೀಟಿ ನನ್ನ ಕೈಗಿತ್ತು ಗಂಟೆ ಬಾರಿಸಿದರು. ಹೊರಗೆ ಕಾಂಪೌಂಡರು ಗುಲಾಬಿ ಬಣ್ಣದ ಮಿಕ್ಸ್ಚರು ತುಂಬಿದ ಬಾಟಲಿ ಕೊಟ್ಟ. ಬೇಡವೆನ್ನಲು ಧೈರ್ಯ ಬರಲಿಲ್ಲ.

ದೊಡ್ಡಕ್ಕನಿಗೆ ಮಾತ್ರ ಆ ಡಾಕ್ಟರು ಬಹಳ ಹಿಡಿಸಿದ್ದರು. ಪರದೆಯ ಸಂದಿಯಿಂದ ನೋಡಿದ್ದಳಂತೆ, ನನಗಿಂತ ಮುಂಚೆ ಹೋದವರಿಗೆಲ್ಲ ಸೂಜಿ ಹಾಕಿದ್ದರು. ಸೂಜಿ ಹಾಕುವವರೇ ಡಾಕ್ಟರು, ಬರೀ ಮಾತ್ರೆ ಕೊಡುವವರು ದಿನಸಿ ಅಂಗಡಿಯವರಿದ್ದ ಹಾಗೆ ಎಂಬುದು ಅವಳ ನಂಬಿಕೆ. "ನಿಮ್ಗೆ ಯಾಕೆ ಆಕ್ಲಿಲ್ಲ?" ಎಂದು ನನ್ನನ್ನೇ ಕೇಳಿದಳು. ನನಗೆ ಕಾಯಿಲೆಯಿಲ್ಲವಲ್ಲ ಎಂದೆ. "ಇಲ್ದಿದ್ರೆ ಬಾಟ್ಲಿ ಯಾಕ್ ಕೊಟ್ರು?" ಅಂದಳು.

ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ಪಕ್ಕದವರೊಬ್ಬರು, ರಾವಂದೂರಿನಲ್ಲಿ ಒಬ್ಬ ಡಾಕ್ಟರಿದ್ದಾರೆ, ತುಂಬ ಒಳ್ಳೆಯವರು, ಬಡವರ ಹತ್ತಿರ ಕಾಸೇ ಕೇಳುವುದಿಲ್ಲ ಎಂದರು. ರಾವಂದೂರಿನ ಬಸ್ಸು ಹೊರಡುತ್ತಿತ್ತು. ಓಡಿ ಹತ್ತಿದೆವು. ಇಳಿದು ಕೇಳಿದರೆ ಎಲ್ಲರೂ ಒಂದೇ ಕಡೆ ಬೆರಳು ತೋರಿಸಿದರು. ಹುಣಸೆಮರದ ಕೆಳಗೆ ಒಂದು ಹೆಂಚಿನ ಕಟ್ಟಡ. ಮುಂದೆ ಮರದ ಚೌಕಟ್ಟು, ಅದರೊಳಗೆ ಒಂದು ಎಮ್ಮೆ. ನಮ್ಮ ಮುಂದೆ ಒಂದು ಜೊತೆ ಹೋರಿ, ಒಂದು ಮೇಕೆ. ನನಗೆ ಅರ್ಥವಾಗುವಷ್ಟರಲ್ಲಿ ಡಾಕ್ಟರು ಮೊಣಕೈವರೆಗೆ ಸೋಪು ಹಚ್ಚಿಕೊಂಡು ಕೈ ತೊಳೆಯುತ್ತ ನಮ್ಮ ಕಡೆ ತಿರುಗಿದರು.

"ಎಲ್ಲಿ, ದನ ಎಲ್ಲಿ?"

ನಾನು ಬಂದ ಕಾರಣ ಹೇಳಿದೆ. ಅವರು ಮನಸಾರೆ ನಕ್ಕರು. "ಚೀಟಿ ತಗೊಳ್ಳೋದಕ್ಕೆ ನನ್ನ ಅಡ್ಡಿ ಏನೂ ಇಲ್ಲಪ್ಪ. ನಿಮ್ಮ ಕೆಲಸಗಾರರಿಗೆ ನಾಲ್ಕು ಕಾಲಿರಬೇಕು, ಅಷ್ಟೆ," ಎಂದರು. ದೊಡ್ಡಕ್ಕ ಸೆರಗು ಬಾಯಿಗಿಟ್ಟುಕೊಂಡು ನಗಲು ಶುರುಮಾಡಿದವಳು ನಿಲ್ಲಿಸಲಾರದೆ ಹುಣಸೆಮರದ ಬುಡದಲ್ಲಿ ಕೂತೇಬಿಟ್ಟಳು. ಎಮ್ಮೆಯ ಯಜಮಾನನೂ ನಕ್ಕ. ಡಾಕ್ಟರು ಕಾಫಿ ತರಿಸಿದರು. ಪಿರಿಯಾಪಟ್ಟಣದಲ್ಲೇ ಹಳೆಯ ಬೀದಿಯಲ್ಲಿ ಒಬ್ಬ ವಯಸ್ಸಾದ ಡಾಕ್ಟರಿದ್ದಾರೆ, ಬೇಡವೆಂಬ ಮಾತೇ ಅವರ ಬಾಯಲ್ಲಿ ಬರುವುದಿಲ್ಲ, ಅಲ್ಲಿಗೆ ಹೋಗಿ ಎಂದು ದಾರಿ ಹೇಳಿದರು.

ವಾಪಸು ಬರುವಾಗ ದೊಡ್ಡಕ್ಕ ಇನ್ನೂ ನಗುತ್ತಲೇ ಇದ್ದಳು. ಬೆಳಿಗ್ಗೆಯಿಂದ ರೈಟ್ರೇ ಎನ್ನುತ್ತಿದ್ದವಳು, "ಅಲ್ಲ ಕಣ್ ಮಗ, ನಿನ್ನ ಆ ಚೌಕಟ್ಟೊಳೀಕೆ ಕಟ್ಟಾಕ್ದೆ ಬುಟ್ರಲ್ಲ, ಪುಣ್ಯ" ಅಂದಳು. ಅಂದಿನಿಂದ ನಾನು ಅವಳಿಗೆ ಮಗನಾದೆ.

ವಯಸ್ಸಾದ ಡಾಕ್ಟರಿಗೆ ಕಿವಿ ಮಂದ. ನಾನು ಗಟ್ಟಿಯಾಗಿ "ಚೀಟಿ ಸಾರ್, ಚೀಟಿ" ಎಂದೆ. "ಶೀತವೇ? ಎಷ್ಟು ದಿನದಿಂದ?" ಎಂದು ಅವರು ನನ್ನ ಬೆನ್ನಿಗೆ ಸ್ಟೆಥಾಸ್ಕೋಪು ಇಟ್ಟರು. ದೊಡ್ಡಕ್ಕ ಅವರ ಕಿವಿಯ ಹತ್ತಿರ ಬಗ್ಗಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವರು ತಾಳ್ಮೆಯಿಂದ ಕೇಳಿ, ಕಳಿಸಿ, ಎಲ್ಲರನ್ನೂ ಕಳಿಸಿ ಎಂದರು. ದೊಡ್ಡಕ್ಕನಿಗೆ ಕೂರಲು ಕುರ್ಚಿ ತೋರಿಸಿದರು. ಆದರೂ ನನ್ನ ಶೀತಕ್ಕೆ ಒಂದು ಬಾಟಲಿ ಕೊಡದೆ ಬಿಡಲಿಲ್ಲ. ಪಿರಿಯಾಪಟ್ಟಣ ಮುಗಿಯಿತು. ಎರಡು ಬಾಟಲಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್‌ಸ್ಟ್ಯಾಂಡಿನ ಉದ್ದಕ್ಕೂ ನಡೆದುಹೋದದ್ದನ್ನು ಯಾರು ಯಾರು ನೋಡಿದರು ಎಂದು ನಾನು ಯೋಚಿಸಲಿಲ್ಲ.

ಕೆ.ಆರ್. ನಗರ ಸುಲಭವೆಂದುಕೊಂಡಿದ್ದೆ. ಅಲ್ಲಿನ ಡಾಕ್ಟರು ನಾನು ಚಿಕ್ಕವನಾಗಿದ್ದಾಗಿನಿಂದ ನಮ್ಮ ಮನೆಗೆಲ್ಲ ಔಷಧಿ ಕೊಟ್ಟವರು. ನನ್ನನ್ನು ನೋಡಿದ ಕೂಡಲೇ, "ಬಾರೋ, ಗಂಟಲು ಹೆಂಗಿದೆ?" ಎಂದು ಬಾಯಿ ತೆರೆಸಿ ಟಾರ್ಚು ಬಿಟ್ಟರು. ಬಾಲ್ಯದಲ್ಲಿ ನನಗೆ ಗಂಟಲು ಬಾವು ಬರುತ್ತಿತ್ತು. ಅದು ವಾಸಿಯಾಗಿ ಹತ್ತು ವರ್ಷವಾಗಿದ್ದರೂ ಅವರು ಅದನ್ನು ಮರೆತಿರಲಿಲ್ಲ. ಚೀಟಿಯ ವಿಷಯಕ್ಕೆ ಒಪ್ಪಿದರು. ದೊಡ್ಡಕ್ಕನ ಕೆಮ್ಮು ಕೇಳಿ ಅವಳಿಗೆ ಒಂದು ಸೂಜಿಯನ್ನೂ ಹಾಕಿದರು. ದೊಡ್ಡಕ್ಕ ಹಬ್ಬ ಮಾಡಿದವಳಂತೆ ತೋಳು ಉಜ್ಜಿಕೊಳ್ಳುತ್ತ ಹೊರಗೆ ಬಂದಳು. ನನಗೆ ಗಂಟಲಿಗೆ ಹಚ್ಚಿಕೊಳ್ಳುವ ಕಂದು ಔಷಧಿಯ ಬಾಟಲಿ ಸಿಕ್ಕಿತು.

ಆ ವಾರದ ಕೊನೆಗೆ ಗೋಡೌನಿನಿಂದ ಕೋಣೆಗೆ ಹೋದರೆ, ಬಾಗಿಲಲ್ಲಿ ನನ್ನ ಅವ್ವ ಕೂತಿದ್ದಳು. ಪಕ್ಕದಲ್ಲಿ ಒಂದು ಬಟ್ಟೆಯ ಗಂಟು. ಅವ್ವ ಒಬ್ಬಳೇ ಬಸ್ಸು ಹತ್ತಿ ಹುಣಸೂರಿಗೆ ಬಂದದ್ದು ಅದೇ ಮೊದಲು.

"ಏನ್ಲಾ ಆಗದೆ ನಿಂಗೆ?" ಅಂದಳು. ಕಣ್ಣು ತುಂಬಿತ್ತು.

"ಏನೂ ಆಗಿಲ್ಲ ಕಣವ್ವ."

"ಸುಳ್ ಏಳ್ಬ್ಯಾಡ. ಡಾಕ್ಟ್ರ ಶಾಪ್ನಲ್ಲಿ ನೋಡ್ದೋರು ಏಳವ್ರೆ. ಪಿರಿಯಾಪಟ್ಣದಲ್ಲೂ ತೋರ್ಸಿದ್ದೀಯಂತೆ, ಕೆ.ಆರ್. ನಗರ್ದಲ್ಲೂ ತೋರ್ಸಿದ್ದೀಯಂತೆ." ಹೇಳುತ್ತ ಕಿಟಕಿಯ ಮೇಲೆ ಸಾಲಾಗಿ ನಿಂತಿದ್ದ ಮೂರು ಬಾಟಲಿ ಕಂಡವಳು ಅಲ್ಲೇ ಗೋಡೆಗೊರಗಿದಳು.

ಎಲ್ಲವನ್ನೂ ವಿವರಿಸಿದೆ. ಅವ್ವ ನಂಬಿದಳು, ಆದರೆ ಅವಳ ಸಂಕಟ ಅಷ್ಟಕ್ಕೇ ತೀರುವಂಥದಾಗಿರಲಿಲ್ಲ. ಆಗ ನನಗೆ ಒಂದು ಸಂಬಂಧ ಕೂಡಿಬರುತ್ತಿತ್ತು. ಹುಡುಗಿ ರಾವಂದೂರಿನ ಹತ್ತಿರದ ಹಳ್ಳಿಯವಳು. ನೋಡಿ ಬಂದಿದ್ದೆವು. ಎರಡೂ ಕಡೆಗೆ ಒಪ್ಪಿಗೆಯಾಗಿ ಶಾಸ್ತ್ರಕ್ಕೆ ದಿನ ಇಡುವುದಷ್ಟೇ ಉಳಿದಿತ್ತು. ಈಗ ಅವರು ಸ್ವಲ್ಪ ತಡೆಯಿರಿ ಎಂದು ಹೇಳಿ ಕಳಿಸಿದ್ದರು. ಹುಡುಗಿಯ ಸೋದರಮಾವ ಪಿರಿಯಾಪಟ್ಟಣದ ಆ ಮೊದಲ ಡಾಕ್ಟರ ಶಾಪಿನಲ್ಲಿ ಬೆಂಚಿನ ಕೊನೆಗೆ, ಪರದೆಯ ಪಕ್ಕದಲ್ಲೇ ಕೂತಿದ್ದನಂತೆ. ಹುಡುಗ ಬಾಯಲ್ಲಿ ಥರ್ಮಾಮೀಟರು ಇಟ್ಟುಕೊಂಡು ಮಾತೂ ಆಡದೆ ನಿಂತಿದ್ದ ಎಂದು ಊರಿಗೆ ಹೋಗಿ ಹೇಳಿದ್ದ. ಅದರ ಹಿಂದೆಯೇ ರಾವಂದೂರಿನ ಸುದ್ದಿ ಹೋಯಿತು.

"ಮನುಷ್ಯರ ಡಾಕ್ಟ್ರು ಕೈಲಿ ಆಗಕಿಲ್ಲ ಅಂದ್ಮೇಲೆ ದನದ ಡಾಕ್ಟ್ರಿಗೂ ತೋರ್ಸ್ದ ಅಂತ ಮಾತಾಡ್ಕತಾವ್ರಂತೆ ಕಣ್ಲಾ," ಅಂದಳು ಅವ್ವ.

ನನಗೆ ನಗು ಬಂತು. ಅವ್ವನ ಮುಖ ನೋಡಿ ತಡೆದುಕೊಂಡೆ. ನಿಜ ಹೇಳಬೇಕೆಂದರೆ ಒಳಗೆ ದಿಗಿಲೂ ಆಗಿತ್ತು. ಹುಡುಗಿಯನ್ನು ಒಂದೇ ಸಲ ನೋಡಿದ್ದೆ. ಕಾಫಿ ಲೋಟ ಕೊಡುವಾಗ ಅವಳು ನನ್ನ ಮುಖವನ್ನು ನೇರವಾಗಿ ನೋಡಿದ್ದಳು, ಹಿರಿಯರು ಹೇಳಿಕೊಡುವಂತೆ ನೆಲ ನೋಡಿರಲಿಲ್ಲ. ಆ ನೋಟ ನನ್ನನ್ನು ಬಿಟ್ಟಿರಲಿಲ್ಲ.

ಇನ್ನು ಉಳಿದದ್ದು ಎಚ್.ಡಿ. ಕೋಟೆ. ನಾನು ಹೋಗುವುದಿಲ್ಲ ಎಂದು ದೊಡ್ಡಕ್ಕನಿಗೆ ಹೇಳಿದೆ. ನಾಲ್ಕನೆಯ ಡಾಕ್ಟರ ಶಾಪಿನ ಮುಂದೆ ಯಾರಾದರೂ ನನ್ನನ್ನು ಕಂಡರೆ ಮದುವೆಯ ಆಸೆ ಬಿಡಬೇಕು. ದೊಡ್ಡಕ್ಕ ಕೇಳಲಿಲ್ಲ. "ನಮ್ ತಾಲೂಕ್ ಒಂದ್ನೇ ಬುಟ್ಬುಟ್ಟೀಯಾ? ನಮ್ಮ ಐಕ್ಳಿಗೆ ಉಸಾರಿಲ್ದೇ ಓದ್ರೆ ಎಲ್ಲೀಗ್ ಓಗಾಣ? ನೀನು ಆಚೇಲೇ ನಿಂತ್ಕೊ. ಒಳೀಕೆ ನಾನ್ ಓಯ್ತೀನಿ," ಅಂದಳು.

ಬಸ್ಸಿನ ತುಂಬ ಆ ಕಡೆ ಕಟ್ಟುತ್ತಿದ್ದ ಅಣೆಕಟ್ಟಿನ ಕೆಲಸಕ್ಕೆ ಹೋಗುವವರ ಗುದ್ದಲಿ, ಪುಟ್ಟಿ, ಪಾತ್ರೆಗಳು. ಕೋಟೆಯಲ್ಲಿ ಇಳಿದು ವಿಚಾರಿಸಿದಾಗ, ಒಂದು ಹಳೆಯ ಮನೆಯನ್ನು ಹಿಡಿದು ಹೆಂಗಸೊಬ್ಬರು ಡಾಕ್ಟರಿಕೆ ಮಾಡುತ್ತಿದ್ದಾರೆಂದು ಗೊತ್ತಾಯಿತು. ಕೇರಳದ ಕಡೆಯವರು, ಗಂಡ ಅಣೆಕಟ್ಟಿನಲ್ಲಿ ಎಂಜಿನಿಯರು. ನಾನು ಎದುರಿನ ಸೈಕಲ್ ಶಾಪಿನ ನೆರಳಿನಲ್ಲಿ, ಟವೆಲ್ಲನ್ನು ತಲೆಯ ಮೇಲೆ ಎಳೆದುಕೊಂಡು ನಿಂತೆ. ಅಲ್ಲಿಂದ ಜಗಲಿ ಚೆನ್ನಾಗಿ ಕಾಣುತ್ತಿತ್ತು. ಬೆಂಚಿನ ಮೇಲೆ ಪೇಟೆಯವರು ಕೂತಿದ್ದರು. ಜಗಲಿಯ ಕೆಳಗೆ, ಮೆಟ್ಟಿಲ ಪಕ್ಕ ನೆಲದಲ್ಲಿ, ಕಾಡಂಚಿನ ಗಿರಿಜನರ ಹಾಡಿಯಿಂದ ಬಂದ ಒಬ್ಬಳು ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಡಾಕ್ಟರಮ್ಮ ತಾವೇ ಹೊರಗೆ ಬಂದು, "ಮೊದಲು ಬಂದದ್ದು ಯಾರು?" ಎಂದು ಕೇಳಿದರು. ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡಕ್ಕ, "ಆ ಮಗಾ ಎತ್ಕೊಂಡಿರೋಳು ಕಣವ್ವ, ನಾನ್ ಬರಕ್ ಮುಂಚ್ಲಿಂದ ಕುಂತವ್ಳೆ" ಅಂದಳು. ಡಾಕ್ಟರಮ್ಮ ಮೆಟ್ಟಿಲಿಳಿದು ಮಗುವನ್ನು ತಾವೇ ಎತ್ತಿಕೊಂಡು ಒಳಗೆ ನಡೆದರು, ತಾಯಿ ಹಿಂದೆ ಹೋದಳು.

ಸ್ವಲ್ಪ ಹೊತ್ತಿಗೆ ದೊಡ್ಡಕ್ಕನೂ ಒಳಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಕಿಟಕಿಯಿಂದ ಕೈಬೀಸಿ ನನ್ನನ್ನು ಕರೆದಳು. ನಾನು ಬೀದಿಯ ಎರಡೂ ಕಡೆ ನೋಡಿ, ಓಡಿ ದಾಟಿ ಒಳಗೆ ಹೋದೆ.

ಡಾಕ್ಟರಮ್ಮ ದೊಡ್ಡಕ್ಕನ ಎರಡೂ ಕೈಗಳನ್ನು ಮೇಜಿನ ಮೇಲೆ ಇಡಿಸಿ, ಬೆರಳ ಸಂದಿಯ ಹುಣ್ಣುಗಳಿಗೆ ಮುಲಾಮು ಹಚ್ಚುತ್ತಿದ್ದರು. ಆ ಹುಣ್ಣುಗಳನ್ನು ನಾನು ದಿನಾ ನೋಡುತ್ತಿದ್ದೆ. ಅವು ಎಲೆಯ ಅಂಟಿನ ಕಲೆ ಎಂದುಕೊಂಡಿದ್ದೆ, ದೊಡ್ಡಕ್ಕನೂ ಹಾಗೆಯೇ ಅಂದುಕೊಂಡಿದ್ದಳು.

"ಸೂಜಿ ಆಕಲ್ವಾ ಅಮ್ಮ?" ಎಂದು ಅವಳು ಆಸೆಯಿಂದ ಕೇಳುತ್ತಿದ್ದಳು.

"ಇದಕ್ಕೆ ಸೂಜಿ ಬೇಡ. ಕೆಲಸ ಮುಗಿದ ಮೇಲೆ ಕೈ ಸೋಪಿನಲ್ಲಿ ತೊಳೆಯಬೇಕು. ಕೆಲಸದಲ್ಲಿ ಮೂಗಿಗೆ ಬಟ್ಟೆ ಕಟ್ಟಬೇಕು," ಎಂದರು ಡಾಕ್ಟರಮ್ಮ. ಅವರ ಕನ್ನಡ ಪದ ಪದ ಬಿಡಿಸಿ ಆಡಿದಂತೆ ಇತ್ತು, ಕೊನೆಗೆ ಸ್ವಲ್ಪ ಮಲಯಾಳದ ಎಳೆತ. ಆಮೇಲೆ ನನ್ನ ಕಡೆ ತಿರುಗಿದರು. "ಚೀಟಿಯಲ್ಲಿ ಏನು ಬರೆಯುತ್ತೀರಿ?"

"ಕೆಲಸಗಾರರ ಹೆಸರು, ಏನು ಕಾಯಿಲೆ ಅನ್ನೋದು, ನಮ್ಮ ಮೊಹರು."

"ಕಾಯಿಲೆ ಯಾರು ಹೇಳುತ್ತಾರೆ ನಿಮಗೆ?"

"ಅವರೇ ಬಂದು ಹೇಳ್ತಾರೆ. ನಾನು ಬರೀತೀನಿ."

ಡಾಕ್ಟರಮ್ಮ ಮುಲಾಮಿನ ಡಬ್ಬಿ ಮುಚ್ಚಿದರು. "ಹೆಂಗಸರ ಕಾಯಿಲೆಯನ್ನು ನಿಮ್ಮಂಥ ಹುಡುಗನಿಗೆ ಯಾರು ಬಂದು ಹೇಳುತ್ತಾರೆ? ಯಾರೂ ಹೇಳುವುದಿಲ್ಲ, ಯಾರಿಗೂ ಚೀಟಿ ಸಿಗುವುದಿಲ್ಲ. ಚೀಟಿಯಲ್ಲಿ ಕಾಯಿಲೆ ಬರೆಯುವುದು ಬೇಡ. ಮೊಹರು ಹಾಕಿದ ಚೀಟಿಗಳನ್ನು ಇವರ ಹತ್ತಿರ ಕೊಟ್ಟಿರಿ. ಇವರು ಯಾರಿಗೆ ಕೊಡುತ್ತಾರೋ ಅವರನ್ನು ನಾನು ನೋಡುತ್ತೇನೆ. ಹಾಗಾದರೆ ಒಪ್ಪಿಗೆ."

ದೊಡ್ಡಕ್ಕ ಮುಲಾಮು ಹಚ್ಚಿದ ಕೈಗಳನ್ನು ಹಾಗೆಯೇ ಚಾಚಿಕೊಂಡು ಕೂತಿದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ, "ಒಳ್ಳೆ ಎಣ್ಮಗ್ಳು ಕಣ್ ಮಗ. ಸೂಜಿ ಒಂದು ಆಕ್ಬುಟ್ಟಿದ್ರೆ ಇನ್ನೂ ಚೆಂದಾಗಿತ್ತು," ಅಂದಳು.

ಸಾಹುಕಾರರು ಈ ಷರತ್ತು ಕೇಳಿ ಹಣೆಯ ವಿಭೂತಿ ಉದುರುವಂತೆ ಹುಬ್ಬೇರಿಸಿದರು. "ಮೊಹರು ಹಾಕಿದ ಚೀಟಿ ಅವಳ ಕೈಗೆ ಕೊಡೋದಾ? ಊರಿನೋರೆಲ್ಲ ನಮ್ಮ ಲೆಕ್ಕದಲ್ಲಿ ಔಷಧಿ ಕುಡೀತಾರೆ," ಎಂದರು. ಎರಡು ದಿನ ಆ ಮಾತೇ ಎತ್ತಲಿಲ್ಲ. ಅಷ್ಟರಲ್ಲಿ ಇನ್ಸ್‌ಪೆಕ್ಟರು ಮುಂದಿನ ವಾರ ಬರುತ್ತಾರೆಂದು ಸುದ್ದಿ ಬಂತು. ಸಾಹುಕಾರರು ಬೀರು ತೆರೆದು ಮೊಹರು ತೆಗೆದು ನನ್ನ ಮುಂದಿಟ್ಟು ಹೋದರು. ನಾನು ಮೊಹರು ಒತ್ತಿದೆ, ದೊಡ್ಡಕ್ಕ ಚೀಟಿಗಳನ್ನು ಎಲೆಯಡಿಕೆಯ ಚೀಲದಲ್ಲಿ ಇಟ್ಟುಕೊಂಡಳು. ಓದಲು ಬಾರದಿದ್ದರೂ ಒಂದೂ ಕಳೆಯಲಿಲ್ಲ. ಎರಡು ಮೂರಕ್ಕೆ ಸುಣ್ಣದ ಕಲೆಯಾಯಿತು ಅಷ್ಟೇ. ಊರಿನವರು ಯಾರೂ ನಮ್ಮ ಲೆಕ್ಕದಲ್ಲಿ ಔಷಧಿ ಕುಡಿಯಲಿಲ್ಲ. ಅವಳ ಸ್ವಂತ ನಾದಿನಿ ಕೇಳಿದಾಗಲೂ, ನೀನೇನು ಎಲೆ ಆರಿಸ್ತೀಯಾ ಎಂದು ವಾಪಸು ಕಳಿಸಿದಳಂತೆ.

ಇದೆಲ್ಲ ನಡೆಯುತ್ತಿರುವಾಗಲೇ ಒಂದು ಬೆಳಿಗ್ಗೆ ಹುಡುಗಿಯ ಅಪ್ಪ, ಆ ಸೋದರಮಾವನನ್ನು ಕರೆದುಕೊಂಡು ಗೋಡೌನಿಗೆ ಬಂದುಬಿಟ್ಟರು. ಸೊಪ್ಪಿನ ರೇಟು ವಿಚಾರಿಸಲು ಬಂದವರಂತೆ ಬಾಗಿಲಲ್ಲಿ ನಿಂತರು. ಕಣ್ಣು ಮಾತ್ರ ನನ್ನ ಮೇಲೆ. ನಾನು ಬೇಲು ಎತ್ತಿದರೆ ಉಸಿರು ಕಟ್ಟುತ್ತದೋ ಎಂದು ನೋಡಿದರು, ನಡೆದರೆ ಕಾಲು ನೋಡಿದರು. ಗಾಬರಿಯಲ್ಲಿ ನನಗೆ ನಿಜವಾಗಿಯೂ ಕೆಮ್ಮು ಬಂತು. ಇಬ್ಬರೂ ಮುಖ ಮುಖ ನೋಡಿಕೊಂಡರು.

ಅವರು ಯಾರೆಂದು ದೊಡ್ಡಕ್ಕನಿಗೆ ಯಾರೂ ಹೇಳಿರಲಿಲ್ಲ. ಹೇಗೋ ಅರಿತುಕೊಂಡು, ಕೂತಲ್ಲಿಂದ ಎದ್ದು ಬಂದಳು.

"ಏನ್ ಗೌಡ್ರೇ, ನಮ್ ರೈಟ್ರನ್ನ ನೋಡಕ್ ಬಂದ್ರಾ?"

ಹುಡುಗಿಯ ಅಪ್ಪ ಮುಚ್ಚುಮರೆ ಮಾಡಲಿಲ್ಲ. "ಹೂಂ ಕಣವ್ವ. ಹುಡುಗ ಡಾಕ್ಟ್ರ ತಾವ ತಿರುಗ್ತಾವ್ನೆ ಅಂದ್ರು. ಮಗಳ್ನ ಕೊಡೋ ಮಾತು. ಏನಾಗದೆ ಅಂತ ನೀನಾದ್ರೂ ಏಳು."

ದೊಡ್ಡಕ್ಕ ಅವರನ್ನು ಬೇಲಿನ ಮೇಲೆ ಕೂರಿಸಿ, ಪಿರಿಯಾಪಟ್ಟಣದಿಂದ ಕೋಟೆಯವರೆಗೆ ಎಲ್ಲವನ್ನೂ ಬಿಡದೆ ಹೇಳಿದಳು. ಥರ್ಮಾಮೀಟರಿನ ವಿಷಯ ಬಂದಾಗ ಸೋದರಮಾವ ನೆಲ ನೋಡಿದ. ಕೊನೆಗೆ ಅವಳು ಸೆರಗು ಸಿಕ್ಕಿಸಿಕೊಂಡು ಹೇಳಿದಳು:

"ಮೂರ್ ಜನ ಡಾಕ್ಟ್ರು ಈ ಹುಡುಗ್ನ ಮುಟ್ಟಿ, ಒತ್ತಿ, ಎದೆಗೆ ಕಿವಿ ಇಟ್ಟು ನೋಡವ್ರೆ. ಒಬ್ರಿಗೂ ಏನೂ ಸಿಕ್ಲಿಲ್ಲ. ನಿಮ್ ಅಳಿಯಂದ್ರಲ್ಲಿ ಇನ್ಯಾರ್ನ ಇಂಗೆ ನೋಡ್ಸಿದ್ದೀರಿ, ಏಳಿ ನೋಡಾಣ."

ಹುಡುಗಿಯ ಅಪ್ಪನಿಗೆ ಆಗಲೇ ಇಬ್ಬರು ಅಳಿಯಂದಿರು. ಒಬ್ಬನಿಗೆ ಉಬ್ಬಸವಿದ್ದದ್ದು ಮದುವೆಯಾದ ಮೇಲೆ ಗೊತ್ತಾಗಿತ್ತಂತೆ. "ಅದೂ ಸರಿ ಅನ್ನು," ಎಂದು ಎದ್ದರು. ಹೋಗುವಾಗ ನನ್ನ ಬೆನ್ನಿಗೆ ಒಂದು ಏಟು ಹಾಕಿದರು. ಪ್ರೀತಿಗೋ ಪರೀಕ್ಷೆಗೋ ತಿಳಿಯದು, ನಾನು ಮಾತ್ರ ಕೆಮ್ಮದೆ ನಿಂತೆ.

ಬೇಸಿಗೆಯಲ್ಲಿ ಮದುವೆಯಾಯಿತು. ನನ್ನ ಹೆಂಡತಿ ಆಮೇಲೆ ಹೇಳಿದಳು, ದನದ ಡಾಕ್ಟರ ಸುದ್ದಿ ಕೇಳಿ ಮನೆಯವರೆಲ್ಲ ತಲೆಮೇಲೆ ಕೈ ಹೊತ್ತು ಕೂತಿದ್ದಾಗ ಅವಳಿಗೆ ಮಾತ್ರ ನಗು ತಡೆಯಲಾಗಲಿಲ್ಲವಂತೆ. "ದನದ ಡಾಕ್ಟ್ರ ತಾವ್ಕೂ ಸುಮ್ಕೆ ಓದ ಅಂದ್ರೆ ಸಾಧು ಇರ್ಬೇಕು, ಒದೆಯಕಿಲ್ಲ, ಆಯಕಿಲ್ಲ, ಕೊಟ್ಬುಡಿ ಅಂದೆ ಅಪ್ಪಂಗೆ," ಅಂದಳು.

ಚೀಟಿಯ ಏರ್ಪಾಡು ಹಲವು ಸೀಜನ್ನು ನಡೆಯಿತು. ಪಿರಿಯಾಪಟ್ಟಣದ ವಯಸ್ಸಾದ ಡಾಕ್ಟರು ಎಲ್ಲ ಚೀಟಿಗೂ ಶೀತದ ಔಷಧಿಯನ್ನೇ ಕೊಡುತ್ತಾರೆಂದು ದೂರು ಬಂತು. ಆದರೆ ಅವರ ಹತ್ತಿರ ಹೋಗುವುದನ್ನು ಯಾರೂ ಬಿಡಲಿಲ್ಲ, ಕೂರಿಸಿ ಮಾತಾಡಿಸುತ್ತಾರೆ ಎನ್ನುತ್ತಿದ್ದರು. ಹೆಂಗಸರು ಮಾತ್ರ ಹುಣಸೂರಿನವರು, ಕೆ.ಆರ್. ನಗರದವರು ಎನ್ನದೆ ಎಲ್ಲರೂ ಕೋಟೆಯ ಬಸ್ಸು ಹತ್ತತೊಡಗಿದರು. ಮನೆಯ ಹತ್ತಿರವೇ ಡಾಕ್ಟರಿರುವಾಗ ಅಷ್ಟು ದೂರ ಯಾಕೆ ಹೋಗುತ್ತಾರೆ ಎಂದು ಸಾಹುಕಾರರು ನನ್ನನ್ನು ಕೇಳಿದರು. ನನಗೆ ಗೊತ್ತಿಲ್ಲ, ಚೀಟಿಯಲ್ಲಿ ಕಾಯಿಲೆ ಬರೆದಿರುವುದಿಲ್ಲ ಎಂದೆ. ಗೋಡೌನಿನ ಸಾಲಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡವರು ಒಬ್ಬೊಬ್ಬರಾಗಿ ಹೆಚ್ಚಿದರು. ಬಾಗಿಲ ಪಕ್ಕ ಒಂದು ಬಾನಿ ನೀರು, ಸೋಪು ಬಂದವು. ಸೋಪನ್ನು ಕಾಗೆ ಎತ್ತಿಕೊಂಡು ಹೋಗುತ್ತದೆಂದು ದೊಡ್ಡಕ್ಕ ಅದನ್ನು ದಾರ ಕಟ್ಟಿ ನೇತುಹಾಕಿದ್ದಳು.

ಅಣೆಕಟ್ಟಿನ ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಡಾಕ್ಟರಮ್ಮನ ಗಂಡನಿಗೆ ಬೇರೆ ಕಡೆಗೆ ವರ್ಗವಾಯಿತು. ಅವರು ಹೊರಡುವ ದಿನ ಗೋಡೌನಿಗೆ ರಜವಿರಲಿಲ್ಲ, ಆದರೂ ಸಾಲಿನಲ್ಲಿ ಅರ್ಧದಷ್ಟು ಜನ ಇರಲಿಲ್ಲ. ನಾನು ಹಾಜರಿ ಕೂಗಲಿಲ್ಲ. ಹೆಂಡತಿಯನ್ನು ಕರೆದುಕೊಂಡು ನಾನೂ ಹೋದೆ. ಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ ಡಾಕ್ಟರಮ್ಮ ಟ್ರಂಕಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು, ಸುತ್ತಲೂ ನಮ್ಮ ಹೆಂಗಸರು. ಅವರೆಕಾಯಿ, ಬಾಳೆಗೊನೆ, ಹಾಡಿಯವರು ತಂದ ಜೇನು ಎಲ್ಲ ಬಸ್ಸಿನ ಮೇಲೆ ಏರಿದವು. ದೊಡ್ಡಕ್ಕ ತಂದದ್ದು ಕಾಲು ಕಟ್ಟಿದ ಒಂದು ಕೆಂಪು ಹುಂಜ.

"ಬಸ್ಸಿನ ಒಳಗೆ ಇದನ್ನು ಹೇಗೆ ತೆಗೆದುಕೊಂಡು ಹೋಗುವುದು?" ಎಂದರು ಡಾಕ್ಟರಮ್ಮ.

"ಮಡ್ಲಲ್ ಇಟ್ಕಳಿ ಅಮ್ಮ, ಏನೂ ಮಾಡಕಿಲ್ಲ," ಅಂದಳು ದೊಡ್ಡಕ್ಕ. ಕಂಡಕ್ಟರು ಆಕ್ಷೇಪಿಸಲು ಬಾಯಿ ತೆರೆದವನು, ಅಷ್ಟೊಂದು ಹೆಂಗಸರನ್ನು ನೋಡಿ ಸೀಟಿ ಊದಿದ. ಡಾಕ್ಟರಮ್ಮ ಹುಂಜವನ್ನು ಸೀರೆಯ ಮೇಲೆ ಇಟ್ಟುಕೊಂಡು, ಒಂದು ಕೈಯಿಂದ ಅದರ ರೆಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯನ್ನು ಕಿಟಕಿಯಿಂದ ಹೊರಗೆ ಚಾಚಿದ್ದರು. ದೊಡ್ಡಕ್ಕ ಆ ಕೈಯನ್ನು ಹಿಡಿದುಕೊಂಡು, ಬಸ್ಸು ವೇಗ ಹಿಡಿಯುವವರೆಗೂ ಅದರ ಜೊತೆ ನಡೆದಳು.